ಮೊದಲ ಹೆರಿಗೆ ಸಿಸೇರಿಯನ್, ಎರಡನೆಯದಕ್ಕೂ ಆಪರೇಷನ್ನೇ ಅಂತಿದ್ದಾರೆ: ತಾಯಿಗೆ, ಮಗುವಿಗೆ ಅಪಾಯ ಏನು?

ಅಂಕೋಲೆ ಅಕ್ಕ

ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯಕ್ಕೆ ಕೇಳ್ತಾ ಇದ್ದೇನೆ. ಅವಳಿಗೀಗ 35 ವಾರ. ಮೊದಲ ಹೆರಿಗೆ ಸಿಸೇರಿಯನ್. ಆಗ ಮಗು ತಿರುಗಲೇ ಇಲ್ಲ, ಕಾಲು ಕೆಳಗಾಗಿಯೇ ಉಳಿದಿತ್ತು. ಆ ಮಗುವಿಗೆ ಈಗ ನಾಲ್ಕು ವರ್ಷ. ಈ ಸಲ ತಲೆ ಕೆಳಗೇ ಇದೆ, ಬಿಪಿ, ಶುಗರ್ ಯಾವುದೂ ಇಲ್ಲ. ಆದರೂ ತೋರಿಸ್ತಾ ಇರುವ ಕಡೆ "ಒಮ್ಮೆ ಆಪರೇಷನ್ ಆದಮೇಲೆ ಮತ್ತೆ ಆಪರೇಷನ್ನೇ, 37 ವಾರ ತುಂಬಿದ ಕೂಡಲೇ ಅಡ್ಮಿಟ್ ಆಗಿ" ಅಂದಿದ್ದಾರೆ. ಯಾಕೆ ಅಂತ ಬಿಡಿಸಿ ಕೇಳುವಷ್ಟು ಹೊತ್ತು ಸಿಗಲಿಲ್ಲ, ಹೊರಗೆ ಪಾಳಿ ದೊಡ್ಡದಿತ್ತು.

ಅವಳ ಅತ್ತೆ ಮನೆಯವರು ಆಗಲೇ ಭಟ್ಟರ ಹತ್ತಿರ ಹೋಗಿ ನಕ್ಷತ್ರ ನೋಡಿಸಿ ಬಂದಿದ್ದಾರೆ. ಅವರು ಹಿಡಿದ ದಿನ ಸರಿಯಾಗಿ 37ನೇ ವಾರಕ್ಕೇ ಬೀಳ್ತದೆ. ತಂಗಿಗೆ ಈ ಸಲವಾದರೂ ನಾರ್ಮಲ್ ಆಗಲಿ ಅಂತ ಆಸೆ. ನಮ್ಮ ಆಯಿಗೆ ಎರಡಕ್ಕೂ ಹೆದರಿಕೆ. ಮಳೆ ಹಿಡಿಯುವ ಹೊತ್ತಿಗೆ ದಿನ ತುಂಬ್ತದೆ ಅನ್ನೋದು ಬೇರೆ ಚಿಂತೆ. ಸಿಸೇರಿಯನ್ನಿನಿಂದ ತಾಯಿಗೆ ಏನಾಗಬಹುದು, ಮಗುವಿಗೆ ಏನಾಗಬಹುದು, ಎರಡನೇ ಸಲ ನೋವಿಗೆ ಕಾಯಬಹುದಾ, ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಮಟಾ ಸಿಸ್ಟರ್

ತಂಗೀ, ನಾನು ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿ ನಿವೃತ್ತಿಯಾದವಳು. ಮೊದಲು ಆ 37ರ ಮಾತು ಮುಗಿಸುವಾ, ಅದಕ್ಕೆ ಉಳಿದಿರೋ ಸಮಯ ಕಮ್ಮಿ.

ತಾಯಿಗೆ, ಮಗುವಿಗೆ ಬೇರೆ ತೊಂದರೆ ಇಲ್ಲದಿದ್ದರೆ, ಮೊದಲೇ ದಿನ ಗೊತ್ತು ಮಾಡಿಕೊಂಡು ಮಾಡುವ ಸಿಸೇರಿಯನ್ನಿಗೆ 39 ವಾರ ತುಂಬುವ ತನಕ ಕಾಯಬೇಕು. ಹೊಟ್ಟೆಯೊಳಗೆ ಇರುವಾಗ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರೋದಿಲ್ಲ, ನೀರು ತುಂಬಿರ್ತದೆ. ದಿನ ತುಂಬಿ ನೋವು ಶುರುವಾದಾಗ ಮಗುವಿನ ಮೈಯಲ್ಲಿ ಅಡ್ರಿನಲಿನ್ನಿನಂಥ ಹಾರ್ಮೋನುಗಳು ಏರ್ತವೆ, ಆಗ ಶ್ವಾಸಕೋಶ ಆ ನೀರನ್ನು ಹೀರಿಕೊಳ್ಳೋಕೆ ಹಿಡೀತದೆ. ನೋವು ಬರುವ ಮೊದಲೇ, ಅದೂ ಎರಡು ವಾರ ಮುಂಚೆ ತೆಗೆದರೆ ನೀರು ಅಲ್ಲೇ ಉಳೀತದೆ.

ಅಂಥ ಕೂಸು ಹುಟ್ಟಿದ ಕೂಡಲೇ ಚೆನ್ನಾಗೇ ಅಳ್ತದೆ. ಹೊರಗೆ ಕೂತವರಿಗೆ ಪೇಡೆ ಹಂಚುವ ಗಡಿಬಿಡಿ. ಸ್ವಲ್ಪ ಹೊತ್ತಿಗೆ ಬಟ್ಟೆ ಸರಿಸಿ ನೋಡಿದರೆ ಮೂಗಿನ ಹೊಳ್ಳೆ ಅಗಲ ಆಗ್ತಾ ಇರ್ತದೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತದೆ, ಒಂದೊಂದು ಉಸಿರು ಬಿಡುವಾಗಲೂ ನರಳಿದ ಹಾಗೆ ಸಣ್ಣ ಸದ್ದು. ನಾವು ಗಡಿಯಾರ ಹಿಡಿದು ಎಣಿಸ್ತಿದ್ದೆವು. ನಿಮಿಷಕ್ಕೆ 60 ದಾಟಿತು ಅಂದ್ರೆ ಮಕ್ಕಳ ಡಾಕ್ಟರರಿಗೆ ಫೋನ್. ಹೆಚ್ಚಿನ ಮಕ್ಕಳು ಆಕ್ಸಿಜನ್ ಕೊಟ್ಟರೆ ಎರಡು ಮೂರು ದಿನದಲ್ಲಿ ಸುಧಾರಿಸ್ತಾರೆ. ಕೆಲವರಿಗೆ ಎನ್‌ಐಸಿಯು, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕ ಬೇಕಾಗ್ತದೆ, ಒಬ್ಬಿಬ್ಬರಿಗೆ ಉಸಿರಾಟದ ಯಂತ್ರ. ಆ ಅಷ್ಟೂ ಹೊತ್ತು ತಾಯಿ ಒಂದು ಕಡೆ, ಮಗು ಒಂದು ಕಡೆ. ಎನ್‌ಐಸಿಯು ಇಲ್ಲದ ಊರಲ್ಲಾದರೆ ತಾಯಿ ಒಂದು ಊರು, ಮಗು ಇನ್ನೊಂದು ಊರು.

ಎರಡನೇ ಸಲ ದಿನ ಗೊತ್ತು ಮಾಡಿ ಆಪರೇಷನ್ ಮಾಡಿಸಿಕೊಂಡವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಆಗಿ 2009ರಲ್ಲಿ ಪ್ರಕಟವಾಯಿತು. ಉಸಿರಾಟದ ತೊಂದರೆ, ಸೋಂಕು, ಸಕ್ಕರೆ ಇಳಿಯೋದು, ಎನ್‌ಐಸಿಯು ಸೇರೋದು ಇಂಥವನ್ನೆಲ್ಲ ಒಟ್ಟು ಹಿಡಿದು ನೋಡಿದರೆ, 37ನೇ ವಾರಕ್ಕೆ ತೆಗೆದ ಮಕ್ಕಳಲ್ಲಿ ನೂರಕ್ಕೆ 15.3, 38ನೇ ವಾರಕ್ಕೆ 11, 39ನೇ ವಾರಕ್ಕೆ 8. ಎರಡು ವಾರ ಕಾದರೆ ತೊಂದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳೀತದೆ.

ಬಿಪಿ ಏರಿದ್ದು, ಮಗುವಿನ ಬೆಳವಣಿಗೆ ನಿಂತದ್ದು, ಮಾಸು ಕೆಳಗೆ ಇದ್ದದ್ದು, ಹೀಗೆ ಕಾರಣ ಇದ್ದರೆ 37ಕ್ಕೇ ಏನು, ಅದಕ್ಕಿಂತ ಮೊದಲೂ ತೆಗೆಯಬೇಕಾಗ್ತದೆ. ಹಾಗಾಗಿ ಡಾಕ್ಟರರ ಹತ್ತಿರ "37ಕ್ಕೇ ಯಾಕೆ" ಅಂತ ಕೇಳಲೇಬೇಕು. ಪಾಳಿ ಎಷ್ಟೇ ದೊಡ್ಡದಿರಲಿ.

ಶಿರಸಿ ಮೂಲದವ, ಬೆಂಗಳೂರು

ಇಷ್ಟೆಲ್ಲ ಹೆದರಿಸೋದು ಯಾಕೆ ಅಂತ ಅರ್ಥ ಆಗಲಿಲ್ಲ. ನನ್ನ ಹೆಂಡತಿಗೆ ಎರಡೂ ಸಿಸೇರಿಯನ್, ತಾಯಿ ಮಕ್ಕಳು ಆರಾಮ. ಹಿಂದಿನ ಕಾಲದಲ್ಲಿ ನಮ್ಮ ಊರಲ್ಲಿ ಹೆರಿಗೆಗೆ ಸತ್ತವರ ಲೆಕ್ಕ ಯಾರಾದ್ರೂ ಇಟ್ಟಿದ್ದಾರಾ? ಆಪರೇಷನ್ ಬಂದದ್ದಕ್ಕೇ ಎಷ್ಟೋ ಜೀವ ಉಳಿದವು.

ಹೆರಿಗೆ ಡಾಕ್ಟರ್, ಮೂಲ ಸಿದ್ದಾಪುರ

ಶಿರಸಿಯವರು ಹೇಳಿದ್ದು ನಿಜ, ಅದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು. ಹೊಕ್ಕುಳಬಳ್ಳಿ ಜಾರಿ ಮಗುವಿಗಿಂತ ಮೊದಲು ಹೊರಗೆ ಬಂದಾಗ, ಮಾಸು ಬಾಯಿಗೆ ಅಡ್ಡ ಕೂತು ರಕ್ತ ಸುರಿಯುವಾಗ, ಮಗು ಅಡ್ಡ ಮಲಗಿದ್ದಾಗ, ನೋವು ತಿಂದು ತಿಂದು ಹೆರಿಗೆ ಮುಂದೆ ಹೋಗದೆ ನಿಂತಾಗ ಸಿಸೇರಿಯನ್ ಬಿಟ್ಟು ಬೇರೆ ದಾರಿ ಇಲ್ಲ. ಅಂಥ ಹೊತ್ತಲ್ಲಿ ತಡ ಮಾಡೋದೇ ಅಪಾಯ. ನಾರ್ಮಲ್ ಹೆರಿಗೆಯೂ ಅಪಾಯ ಇಲ್ಲದ್ದಲ್ಲ. ಕೆಳಗೆ ಹರಿದು ಹೋಗ್ತದೆ, ರಕ್ತಸ್ರಾವ ಆಗ್ತದೆ, ಮಗುವಿಗೆ ಆಮ್ಲಜನಕ ಕಮ್ಮಿ ಬೀಳಬಹುದು.

ಆದರೆ ಕಾರಣ ಗಟ್ಟಿ ಇಲ್ಲದೆ ಮಾಡಿದ ಆಪರೇಷನ್ನಿನಲ್ಲಿ ಲಾಭದ ಕಡೆ ಏನೂ ಇರೋದಿಲ್ಲ, ಅಪಾಯ ಮಾತ್ರ ಹಾಗೇ ಉಳೀತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೂ ಅದನ್ನೇ. ಒಂದು ದೇಶದಲ್ಲಿ ಸಿಸೇರಿಯನ್ ನೂರಕ್ಕೆ 10ರ ತನಕ ಏರುವಾಗ ತಾಯಿ ಮಕ್ಕಳ ಸಾವು ಇಳೀತಾ ಹೋಗ್ತದೆ, ಅದರಾಚೆ ಏರಿದರೆ ಸಾವು ಇಳಿದದ್ದು ಕಾಣೋದಿಲ್ಲ. ನಮ್ಮ ದೇಶದಲ್ಲಿ 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಒಟ್ಟು 21.5. ಸರ್ಕಾರಿ ಆಸ್ಪತ್ರೆಯಲ್ಲಿ 14.3, ಖಾಸಗಿಯಲ್ಲಿ 47.4. ಕರ್ನಾಟಕದ ಒಟ್ಟು ಲೆಕ್ಕ 31.5.

ಇದೆಲ್ಲ ಬರೇ ದುಡ್ಡಿಗೆ ಅಂತ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ. ತಾಲೂಕು ಊರಲ್ಲಿ ಎಷ್ಟೋ ಕಡೆ ಒಬ್ಬರೇ ಹೆರಿಗೆ ಡಾಕ್ಟರ್. ಅರಿವಳಿಕೆಯವರು ಕರೆದರೆ ಬರುವವರು. ರಾತ್ರಿ ಇಡೀ ನೋವು ಕಾದು, ಬೆಳಗಿನ ಜಾವ ಮೂರಕ್ಕೆ ಮಗುವಿನ ಎದೆಬಡಿತ ಇಳಿದರೆ ಕೂಡಲೇ ಆಪರೇಷನ್ ಥಿಯೇಟರ್ ಸಜ್ಜಾಗೋದಿಲ್ಲ. ಅಂಥ ಕಡೆ ಹಗಲು ಹೊತ್ತಲ್ಲೇ ದಿನ ಗೊತ್ತು ಮಾಡಿ ತೆಗೆಯುವ ಡಾಕ್ಟರರನ್ನು ನಾನು ಬೈಯಲಾರೆ. ಆದರೆ ಆ ಕಾರಣವನ್ನು ಅವರು ಬಾಯಿಬಿಟ್ಟು ಹೇಳಬೇಕು. "ನಮ್ಮಲ್ಲಿ ರಾತ್ರಿ ವ್ಯವಸ್ಥೆ ಇಲ್ಲ, ಇರುವಲ್ಲಿಗೆ ಹೋಗ್ತೀರಾ" ಅಂತ ಕೇಳಿದರೆ ಮನೆಯವರಿಗೆ ಯೋಚನೆ ಮಾಡೋಕೆ ದಾರಿ ಸಿಗ್ತದೆ.

ಕಾರವಾರದ ಅಮ್ಮ

ನನಗೆ ಆದದ್ದು ಹೇಳ್ತೇನೆ. ನನ್ನದು ತುರ್ತು ಸಿಸೇರಿಯನ್, ಮಗು ಹೊಟ್ಟೆಯೊಳಗೇ ಮೋಷನ್ ಮಾಡಿ ಎದೆಬಡಿತ ಇಳಿದಿತ್ತು. ಆಪರೇಷನ್ ಬಗ್ಗೆ ನನಗೆ ಬೇಜಾರಿಲ್ಲ, ಮಗ ಉಳಿದದ್ದೇ ಅದರಿಂದ. ಆಮೇಲಿಂದು ಯಾರೂ ಮೊದಲು ಹೇಳಿರಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮರುದಿನ ಎದ್ದು ಕೂತರೆ ಕುತ್ತಿಗೆಯಿಂದ ನೆತ್ತಿಯವರೆಗೆ ಒಡೆದು ಹೋಗುವಂಥ ತಲೆನೋವು, ಮಲಗಿದರೆ ಇಲ್ಲ. ಮಗುವಿಗೆ ಹಾಲು ಕುಡಿಸೋಕೆ ಕೂರಲಾರೆ. ಎಲ್ಲರೂ "ನಿದ್ದೆ ಇಲ್ಲ, ಅದಕ್ಕೇ" ಅಂದ್ರು. ಅರಿವಳಿಕೆ ಡಾಕ್ಟರ್ ಬಂದು ನೋಡಿದ ಮೇಲೇ ಇದು ಸ್ಪೈನಲ್ ತಲೆನೋವು ಅಂತ ಗೊತ್ತಾಗಿದ್ದು. ಔಷಧಿ ಕೊಟ್ಟರು, ಮಲಗಿಕೊಂಡೇ ಹಾಲು ಕುಡಿಸೋದು ಹೇಗೆ ಅಂತ ಸಿಸ್ಟರ್ ತೋರಿಸಿಕೊಟ್ಟರು. ಅದಾದ ಮೇಲೆ ಸರಿಯಾಯ್ತು.

ನನ್ನ ವೈನಿಗೆ (ಅತ್ತಿಗೆಗೆ) ಬೇರೆ. ಒಂದೇ ಕಾಲಿನ ಮೀನಖಂಡ ಊದಿ ಕೆಂಪಾಗಿ ಬಿಗಿದುಕೊಂಡಿತ್ತು. ಬಾಣಂತಿಗೆ ಗಾಳಿ ತಾಗಿದೆ ಅಂತ ಎಣ್ಣೆ ಹಚ್ಚಿ ತಿಕ್ಕೋಕೆ ಹೊರಟಿದ್ದರು. ಅಷ್ಟರಲ್ಲಿ ಆಸ್ಪತ್ರೆಗೆ ಕರಕೊಂಡು ಹೋದ್ವಿ. ರಕ್ತ ಹೆಪ್ಪುಗಟ್ಟಿತ್ತು.

ಹೆರಿಗೆ ಡಾಕ್ಟರ್, ಮೂಲ ಸಿದ್ದಾಪುರ

ಕಾರವಾರದ ಅಮ್ಮ, ನಿಮ್ಮ ವೈನಿ ವಿಷಯ ಎಲ್ಲರೂ ಓದಬೇಕು. ಬಸಿರಲ್ಲಿ ಮೊದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಇರ್ತದೆ. ಆಪರೇಷನ್ ಆಗಿ ಹಾಸಿಗೆ ಹಿಡಿದರೆ ಅದು ಇನ್ನೂ ಜಾಸ್ತಿ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅಂಥ ಕಾಲನ್ನು ತಿಕ್ಕಲೇಬಾರದು. ಒಂದೇ ಕಾಲು ಊದಿ ನೋಯೋದು, ಇದ್ದಕ್ಕಿದ್ದ ಹಾಗೆ ಏದುಸಿರು, ಎದೆನೋವು ಬಂದರೆ ಹಗಲು ರಾತ್ರಿ ನೋಡದೆ ಆಸ್ಪತ್ರೆ. ಅದಕ್ಕೇ ನಾವು ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸೋಕೆ ಹೇಳೋದು. ಮನೆಯಲ್ಲಿ "ಪಾಪ, ಹೊಟ್ಟೆ ಕೊಯ್ದಿದ್ದಾರೆ, ಮಲಗಿರಲಿ" ಅಂತ ಏಳಗೊಡಿಸೋದಿಲ್ಲ. ನೀರು ಕುಡಿಸದೇ ಇರೋದು ಇನ್ನೊಂದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರ್ತದೆ ಅನ್ನೋದು ಸುಳ್ಳು. ನೀರು ಕಮ್ಮಿಯಾದರೆ ರಕ್ತ ಮಂದ ಆಗ್ತದೆ, ಮೂತ್ರದ ಸೋಂಕು ಬರ್ತದೆ.

ತಾಯಿಗೆ ಕೂಡಲೇ ಆಗಬಹುದಾದ ಉಳಿದವು: ರಕ್ತಸ್ರಾವ, ಗಾಯದ ಸೋಂಕು, ಗರ್ಭಕೋಶದ ಸೋಂಕು, ಅಪರೂಪಕ್ಕೆ ಮೂತ್ರಕೋಶಕ್ಕೆ ಪೆಟ್ಟು. ನಾರ್ಮಲ್ ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಹೆಚ್ಚು ಅಂತ ಹಿಡಿಯೋದು, ಸಿಸೇರಿಯನ್ನಿನಲ್ಲಿ ಒಂದು ಲೀಟರ್. ಆ ಗೆರೆಯಲ್ಲೇ ವ್ಯತ್ಯಾಸ ಕಾಣ್ತದೆ. ಬೆನ್ನಿನ ಇಂಜೆಕ್ಷನ್ನಿನಿಂದ ಜೀವನಪೂರ್ತಿ ಬೆನ್ನುನೋವು ಅನ್ನೋದಕ್ಕೆ ಮಾತ್ರ ಆಧಾರ ಇಲ್ಲ. ಇವಕ್ಕೆಲ್ಲ ಇವತ್ತು ಚಿಕಿತ್ಸೆ ಇದೆ. ನನಗೆ ಹೆಚ್ಚು ಚಿಂತೆ ಇರೋದು ಇವುಗಳ ಬಗ್ಗೆ ಅಲ್ಲ, ಮುಂದಿನ ಬಸಿರಿನ ಬಗ್ಗೆ. ಅದನ್ನು ರಾತ್ರಿ ಕೂತು ಬರೀತೇನೆ, ಈಗ ಓಪಿಡಿ ಇದೆ.

ಹೊನ್ನಾವರ ಆಶಾ

ಡಾಕ್ಟರ್ ಬರೆಯುವಷ್ಟರಲ್ಲಿ ನಾನೊಂದು ಹೇಳ್ತೇನೆ. ಅಂಕೋಲೆ ಅಕ್ಕ, ತಂಗಿಯ ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟಿದೆ ಅಂತ ಈಗಲೇ ನೋಡಿ. 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಬಸಿರಿಯರಿಗೆ ಇದೆ. ನಾರ್ಮಲ್ ಆಗಲಿ, ಆಪರೇಷನ್ ಆಗಲಿ, 12 ಇರುವವಳಿಗೆ ಹೋದ ರಕ್ತ ಬೇರೆ, 8 ಇರುವವಳಿಗೆ ಹೋದ ರಕ್ತ ಬೇರೆ. ಮಾತ್ರೆ ತಗೊಂಡರೆ ಮಲ ಕಪ್ಪಾಗ್ತದೆ, ವಾಂತಿ ಬರ್ತದೆ ಅಂತ ಕಿಟಕಿಯಿಂದ ಆಚೆ ಎಸೆಯುವವರನ್ನು ನಾನು ಕಂಡಿದ್ದೇನೆ. ಮಾತ್ರೆ ಹಿಡಿಸದಿದ್ದರೆ ಹೇಳಿ, ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಇನ್ನೂ ನಾಲ್ಕೈದು ವಾರ ಇದೆಯಲ್ಲ, ಏರಿಸೋಕೆ ಸಮಯ ಇದೆ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸಿರಿಯರ ಉಚಿತ ತಪಾಸಣೆ ಇರ್ತದೆ. ಅಲ್ಲಿ ಎರಡನೇ ಅಭಿಪ್ರಾಯ ಕೇಳಬಹುದು. ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ.

ಭಟ್ಕಳದ ಓದುಗಿ

ಸರ್ಕಾರಿ ಆಸ್ಪತ್ರೆ ಅಂದ್ರೆ ನನಗೆ ಬಳ್ಳಾರಿಯದ್ದೇ ನೆನಪಾಗ್ತದೆ. 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರಲ್ಲ. ನಾನು ಆಗ ಏಳು ತಿಂಗಳು. ರಾತ್ರಿ ನಿದ್ದೆ ಬರ್ತಿರಲಿಲ್ಲ.

ಕುಮಟಾ ಸಿಸ್ಟರ್

ನನಗೂ ಆ ಸುದ್ದಿ ಓದಿ ಊಟ ಸೇರಿರಲಿಲ್ಲ ಮಗಾ. ಅಲ್ಲಿ ಅನುಮಾನ ಬಂದದ್ದು ಡ್ರಿಪ್ಪಿನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಆ ದ್ರಾವಣ ಬಳಸೋದನ್ನು ನಿಲ್ಲಿಸಿತು, ತನಿಖೆಯೂ ಆಯ್ತು. ಅದು ಔಷಧದ ಗುಣಮಟ್ಟದ ಪ್ರಶ್ನೆ, ಅದಕ್ಕೆ ಉತ್ತರ ಕೇಳುವ ಹಕ್ಕು ನಮಗೆಲ್ಲ ಇದೆ. ಆದರೆ ಆ ಹೆದರಿಕೆಗೆ ಆಸ್ಪತ್ರೆಗೇ ಹೋಗದೆ ಮನೆಯಲ್ಲಿ ನೋವು ತಿನ್ನುವವರು ಇದ್ದಾರೆ ಅಂತ ಕೇಳಿದೆ. ಅದು ಬೇಡ. ಆಪರೇಷನ್ ಆದ ಮೇಲೆ ಮೂತ್ರ ಕಮ್ಮಿಯಾದರೆ, ತೀರಾ ಸುಸ್ತು, ಉಸಿರುಗಟ್ಟಿದ ಹಾಗೆ ಆದರೆ ಜೊತೆಗಿದ್ದವರು ಸಿಸ್ಟರಿಗೆ ಕೂಡಲೇ ಹೇಳಬೇಕು. ಪಿಶವಿಯಲ್ಲಿ (ಚೀಲದಲ್ಲಿ) ಎಷ್ಟು ಮೂತ್ರ ಬಂತು ಅಂತ ನೋಡೋದು ಜೊತೆಗಿದ್ದ ಆಯಿಯೂ ಮಾಡಬಹುದಾದ ಕೆಲಸ.

ಹೆರಿಗೆ ಡಾಕ್ಟರ್, ಮೂಲ ಸಿದ್ದಾಪುರ

ಬೆಳಿಗ್ಗೆ ಹೇಳಿದ್ದನ್ನು ಮುಂದುವರಿಸ್ತೇನೆ. ಉದ್ದ ಆಗ್ತದೆ, ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ತಿಳಿದುಕೊಳ್ಳಲೇಬೇಕಾದದ್ದು ಇದು.

ಸಿಸೇರಿಯನ್ನಿನಲ್ಲಿ ಗರ್ಭಕೋಶದ ಗೋಡೆಯನ್ನೂ ಕೊಯ್ದು ಹೊಲೀತೇವೆ. ಹೊರಗಿನ ಗಾಯ ಆರಿ ಸಣ್ಣ ಗೆರೆ ಉಳೀತದೆ, ಒಳಗೂ ಒಂದು ಕಲೆ ಉಳೀತದೆ. ಮುಂದಿನ ಬಸಿರಿನಲ್ಲಿ ಮಾಸು ಆ ಕಲೆಯ ಮೇಲೇ ಬಂದು ಕೂತರೆ ಗೋಡೆಯೊಳಗೆ ಬೇರು ಬಿಟ್ಟ ಹಾಗೆ ಹೊಕ್ಕಿಬಿಡ್ತದೆ. ಹೆರಿಗೆ ಆದ ಮೇಲೆ ತಾನಾಗಿ ಕಳಚಿಕೊಳ್ಳಬೇಕಾದ ಮಾಸು ಕಳಚೋದಿಲ್ಲ. ಎಳೆದರೆ ರಕ್ತ ನಿಲ್ಲೋದಿಲ್ಲ. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆದು ತಾಯಿಯನ್ನು ಉಳಿಸಬೇಕಾಗ್ತದೆ, ಬಾಟಲಿಗಟ್ಟಲೆ ರಕ್ತ ಬೇಕಾಗ್ತದೆ.

ಇದು ಎಲ್ಲರಿಗೂ ಆಗೋದಲ್ಲ. ಮಾಸು ಕೆಳಗೆ, ಗರ್ಭಕೋಶದ ಬಾಯಿಗೆ ಅಡ್ಡ ಇದ್ದವರಲ್ಲಿ ನೋಡಿದ ಲೆಕ್ಕ ಹೇಳ್ತೇನೆ, 2006ರಲ್ಲಿ ಪ್ರಕಟವಾದದ್ದು. ಹಿಂದೆ ಒಂದೂ ಸಿಸೇರಿಯನ್ ಆಗಿರದಿದ್ದರೆ ಮಾಸು ಹೀಗೆ ಅಂಟಿಕೊಳ್ಳೋದು ನೂರಕ್ಕೆ 3. ಒಂದು ಆಗಿದ್ದರೆ 11. ಎರಡು ಆಗಿದ್ದರೆ 40. ಮೂರು ಆಗಿದ್ದರೆ 61. ಮೊದಲ ಸಿಸೇರಿಯನ್ ಬೇಕಾ ಬೇಡವಾ ಅನ್ನುವಾಗಲೇ ಮುಂದಿನ ಮಕ್ಕಳ ಲೆಕ್ಕವೂ ಇರಬೇಕು ಅಂತ ನಾನು ಹೇಳೋದು ಇದಕ್ಕೆ. ಒಂದೇ ಮಗು ಸಾಕು ಅನ್ನುವವರಿಗೂ ಮೂರು ಬೇಕು ಅನ್ನುವವರಿಗೂ ಅಪಾಯ ಒಂದೇ ಅಲ್ಲ.

ಹಾಗಾಗಿ ಮೊದಲು ಸಿಸೇರಿಯನ್ ಆದವರ ಸ್ಕ್ಯಾನಿಂಗಿನಲ್ಲಿ ನೋಡಬೇಕಾದ ಮುಖ್ಯ ಸಂಗತಿ ಮಾಸು ಎಲ್ಲಿದೆ ಅನ್ನೋದು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೆಳಗಿದೆ ಅಂದಿದ್ದರೆ 32ನೇ ವಾರದ ಹೊತ್ತಿಗೆ ಮತ್ತೆ ನೋಡಿಸಬೇಕು. ಹೆಚ್ಚಿನವರಿಗೆ ಅದು ಮೇಲೆ ಹೋಗಿರ್ತದೆ. ಹೋಗದೇ ಕಲೆಯ ಮೇಲೇ ಇದ್ದರೆ ತಾಲೂಕು ಆಸ್ಪತ್ರೆಯಲ್ಲಿ ಕೈಹಾಕೋದು ಬೇಡ. ರಕ್ತನಿಧಿ, ಐಸಿಯು, ಒಬ್ಬರಿಗಿಂತ ಹೆಚ್ಚು ಸರ್ಜನ್ ಇರುವಲ್ಲಿಗೆ, ನೋವು ಬರೋ ಮೊದಲೇ ಹೋಗಿ ಇರಬೇಕು.

ಇನ್ನು ಎರಡನೇ ಸಲ ನಾರ್ಮಲ್. ಒಮ್ಮೆ ಸಿಸೇರಿಯನ್ ಆದರೆ ಮತ್ತೆ ಸಿಸೇರಿಯನ್ನೇ ಅನ್ನೋದು ಹಳೇ ಮಾತು. ಸರಿಯಾಗಿ ಆರಿಸಿದವರಲ್ಲಿ ನೂರಕ್ಕೆ 60ರಿಂದ 80 ಜನರಿಗೆ ನಾರ್ಮಲ್ ಆಗ್ತದೆ. ಅಂಕೋಲೆಯವರ ತಂಗಿಗೆ ಮೊದಲ ಸಲದ ಕಾರಣ ಮಗು ಕಾಲು ಕೆಳಗಾದದ್ದು. ಅದು ಆ ಬಸಿರಿನ ಕಾರಣ, ಈ ಸಲ ಇಲ್ಲ. ನಾಲ್ಕು ವರ್ಷದ ಅಂತರವೂ ಒಳ್ಳೇದೇ. ಒಂದೂವರೆ ವರ್ಷಕ್ಕಿಂತ ಕಮ್ಮಿ ಇದ್ದರೆ ಹೊಲಿಗೆ ಬಿಡುವ ಹೆದರಿಕೆ ಜಾಸ್ತಿ.

ಅಪಾಯ ಅಂದ್ರೆ ನೋವಿನ ಹೊತ್ತಿಗೆ ಹಳೇ ಹೊಲಿಗೆ ಬಿಟ್ಟು ಗರ್ಭಕೋಶ ಹರಿಯೋದು. ಕೆಳಭಾಗದಲ್ಲಿ ಅಡ್ಡ ಕೊಯ್ದ ಒಂದೇ ಕಲೆ ಇದ್ದರೆ ಅದು 200ಕ್ಕೆ ಒಬ್ಬರಿಗೆ ಆಗಬಹುದು. ಕಮ್ಮಿಯೇ, ಆದರೆ ಆದಾಗ ಮಗುವಿಗೆ ನಿಮಿಷಗಳ ಲೆಕ್ಕ. ಆದ್ದರಿಂದ ಇದನ್ನು ಮಾಡಬೇಕಾದದ್ದು ಥಿಯೇಟರ್, ಅರಿವಳಿಕೆಯವರು, ರಕ್ತ ಮೂರೂ ರಾತ್ರಿ ಹಗಲು ಇರುವ ಕಡೆ ಮಾತ್ರ. ಮಗುವಿನ ಎದೆಬಡಿತ ಬಿಡದೆ ನೋಡ್ತಿರಬೇಕು. ನೋವು ತಾನಾಗಿ ಬಂದರೆ ಒಳ್ಳೇದು. ಹಳೇ ಕಲೆ ಇದ್ದವರಿಗೆ ನೋವು ಬರಿಸೋಕೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಾರದು.

ಎಲ್ಲಕ್ಕಿಂತ ಮೊದಲು ಒಳಗಿನ ಕಲೆ ಯಾವ ಥರದ್ದು ಅಂತ ಗೊತ್ತಾಗಬೇಕು. ಹೊರಗಿನ ಚರ್ಮದ ಗೆರೆ ನೋಡಿ ಅದು ಹೇಳೋಕೆ ಬರೋದಿಲ್ಲ. ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದಿದ್ದರೆ ನಾರ್ಮಲ್‌ಗೆ ಕಾಯಲೇಬಾರದು. ಹಳೇ ಡಿಸ್ಚಾರ್ಜ್ ಸಮ್ಮರಿ ಇದೆಯಾ?

ಯಲ್ಲಾಪುರ ಚಾಲಕ

ನಾನು ಬಾಡಿಗೆ ಗಾಡಿ ಓಡಿಸುವವ. ಡಾಕ್ಟರ್ ಹೇಳಿದ "ನಿಮಿಷಗಳ ಲೆಕ್ಕ" ಓದಿ ಬರೀತಾ ಇದ್ದೇನೆ. ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದರೆ ಯಾವ ಆಂಬುಲೆನ್ಸ್ ಆದರೂ ನಿಲ್ಲಲೇಬೇಕು. ದೇವಿಮನೆ ಘಟ್ಟ ಮಳೆಗಾಲದಲ್ಲಿ ಯಾವಾಗ ಕುಸೀತದೆ ಹೇಳೋಕಾಗೋದಿಲ್ಲ. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಲ್ಲಿ ಗುಡ್ಡ ಬಿದ್ದು ಹೆದ್ದಾರಿ ಎಷ್ಟು ದಿನ ಬಂದಾಗಿತ್ತು ಅಂತ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. 2022ರಲ್ಲಿ ನಾವೆಲ್ಲ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿದ್ದು ಯಾಕೆ? ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಜೀವ ಕೈಯಲ್ಲಿ ಹಿಡಿದು ಓಡುವ ಪರಿಸ್ಥಿತಿ ನಮ್ಮದು.

ಹೊಟ್ಟೆ ಮೇಲೆ ಹಳೇ ಹೊಲಿಗೆ ಇರುವವರು ದಿನ ಹತ್ತಿರ ಬರುವಾಗ ಘಟ್ಟದ ಈಚೆ ಆಸ್ಪತ್ರೆ, ಆಚೆ ಮನೆ ಅಂತ ಇಟ್ಟುಕೊಳ್ಳಬೇಡಿ. ಆಸ್ಪತ್ರೆ ಇರುವ ಊರಲ್ಲಿ ನೆಂಟರ ಮನೆಯಲ್ಲಿ ಇರಿ. ನೋವಿರುವ ಹೆಂಗಸನ್ನು ಕೂರಿಸಿಕೊಂಡು ಆ ತಿರುವುಗಳನ್ನು ಇಳಿಯೋದು ನನ್ನಂಥವನಿಗೂ ಬೇಡ, ಅವಳಿಗೂ ಬೇಡ.

ಅಂಕೋಲೆ ಅಕ್ಕ

ಎಲ್ಲರಿಗೂ ಕೈಮುಗಿದು ಧನ್ಯವಾದ. ಕಾಗದ ಸಿಕ್ಕಿತು. ಆಯಿ ಹಳೇ ತಾಯಿ ಕಾರ್ಡ್ ಜೊತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಟ್ರಂಕಿನ ಅಡಿಗೆ ಇಟ್ಟಿದ್ದಳು. ಶಾಯಿ ಸ್ವಲ್ಪ ಮಾಸಿದೆ. "ಎಲೆಕ್ಟಿವ್ ಎಲ್‌ಎಸ್‌ಸಿಎಸ್, ಬ್ರೀಚ್" ಅಂತಿದೆ, ರಕ್ತ ಕೊಟ್ಟದ್ದು ಇಲ್ಲ, ಜ್ವರ ಇಲ್ಲ ಅಂತಿದೆ. ಈಗಿನ ಸ್ಕ್ಯಾನಿನಲ್ಲಿ ಮಾಸು ಮೇಲೆ, ಹಿಂಬದಿಗೆ. ಹಿಮೋಗ್ಲೋಬಿನ್ 9.8.

ಅತ್ತೆಯವರ ಹತ್ತಿರ ಮಾತಾಡೋದು ಹೇಗೆ ಅಂತಲೇ ಈಗ ಯೋಚನೆ. ಅವರು ಕೆಟ್ಟವರಲ್ಲ, ಮೊಮ್ಮಗು ಒಳ್ಳೇ ಗಳಿಗೆಯಲ್ಲಿ ಬರಲಿ ಅಂತ ಆಸೆ ಅಷ್ಟೇ.

ಹೆರಿಗೆ ಡಾಕ್ಟರ್, ಮೂಲ ಸಿದ್ದಾಪುರ

ಎಲೆಕ್ಟಿವ್ ಅಂದ್ರೆ ಮೊದಲೇ ದಿನ ಗೊತ್ತು ಮಾಡಿದ್ದು, ಬ್ರೀಚ್ ಅಂದ್ರೆ ಮಗುವಿನ ತಲೆ ಮೇಲಿದ್ದದ್ದು, ಎಲ್‌ಎಸ್‌ಸಿಎಸ್ ಅಂದ್ರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದದ್ದು. ಬೇಕಾದದ್ದು ಅದೇ. ಮಾಸು ಮೇಲಿರೋದು ಇನ್ನೂ ಒಳ್ಳೇ ಸುದ್ದಿ. ಪರದೆಯ ಮೇಲೆ ನೋಡಿ ನಾನು ತೀರ್ಮಾನ ಹೇಳಬಾರದು, ಆದರೆ ನಾರ್ಮಲ್‌ಗೆ ಕಾಯಬಹುದಾ ಅಂತ ಕೇಳೋಕೆ ನಿಮ್ಮ ತಂಗಿಗೆ ಪೂರ್ತಿ ಕಾರಣ ಇದೆ. ಈ ಕಾಗದ ಹಿಡಿದು ರಾತ್ರಿ ಹಗಲು ಥಿಯೇಟರ್ ಇರುವ ಆಸ್ಪತ್ರೆಗೆ ಈ ವಾರವೇ ಹೋಗಿ. ನಿಮಗೆ ಹತ್ತಿರ ಅಂದ್ರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಲ್ಲಿ ಮೊದಲು ಕೇಳಿ ನೋಡಿ. ಹಿಮೋಗ್ಲೋಬಿನ್ 9.8 ಸಾಲದು, ಹೊನ್ನಾವರದ ಆಶಾ ಹೇಳಿದ ಹಾಗೆ ಈಗಲೇ ಏರಿಸಬೇಕು.

ಕಾಯ್ತಾ ಇದ್ದು ಕೊನೆಗೆ ತುರ್ತು ಸಿಸೇರಿಯನ್ನೇ ಆಗಲೂಬಹುದು, ನೂರಕ್ಕೆ 20ರಿಂದ 40 ಜನರಿಗೆ ಹಾಗಾಗ್ತದೆ. ನೋವು ತಿಂದ ಮೇಲೆ ಮಾಡುವ ಆಪರೇಷನ್ನಿನಲ್ಲಿ ಸೋಂಕು, ರಕ್ತಸ್ರಾವ ದಿನ ಗೊತ್ತು ಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚು. ತಂಗಿ ಇದನ್ನೂ ತಿಳಿದೇ ಆರಿಸಲಿ. ಬೇಡ, ಆಪರೇಷನ್ನೇ ಇರಲಿ ಅಂದರೂ ಅದು ತಪ್ಪು ಆಯ್ಕೆ ಅಲ್ಲ. 39 ತುಂಬಲಿ, ಅಷ್ಟೇ.

ಹೊನ್ನಾವರ ಆಶಾ

ಅತ್ತೆಯವರಿಗೆ ಹೇಳಿ: ಆಪರೇಷನ್ನೇ ಆಗೋದಾದ್ರೆ 39 ತುಂಬಿದ ಮೇಲಿನ ವಾರದಲ್ಲಿ ಡಾಕ್ಟರ್ ಹೇಳಿದ ದಿನಗಳೊಳಗೆ ಒಳ್ಳೇ ದಿನ ನೋಡಿಸಿಕೊಳ್ಳಿ ಅಂತ. ಹೀಗೆ ಹೇಳಿದಾಗ ನಮ್ಮ ಕಡೆ ಭಟ್ಟರೂ ಒಪ್ಪಿದ್ದಾರೆ, ಅತ್ತೆಯರೂ ಒಪ್ಪಿದ್ದಾರೆ. ಅವರನ್ನೂ ಒಮ್ಮೆ ಡಾಕ್ಟರ್ ಹತ್ತಿರ ಜೊತೆಗೇ ಕರಕೊಂಡು ಹೋಗಿ. ಕೂಸಿನ ಉಸಿರಿನ ವಿಷಯ ಡಾಕ್ಟರ ಬಾಯಿಂದಲೇ ಕೇಳಿದರೆ ಸೊಸೆಯ ಹಟ ಅನ್ನೋ ಮಾತು ಬರೋದಿಲ್ಲ.

ಶಿರಸಿ ಮೂಲದವ, ಬೆಂಗಳೂರು

ಮಾಸಿನ ಲೆಕ್ಕ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮೂರನೆಯದರ ಮಾತು ನಡೀತಾ ಇದೆ, ಹೆಂಡತಿಗೂ ಇದನ್ನು ಓದಿಸಿದೆ. ಇನ್ನೊಂದು ಪ್ರಶ್ನೆ: ಸಿಸೇರಿಯನ್ ಮಕ್ಕಳಿಗೆ ಮುಂದೆ ಆಸ್ತಮಾ ಬರ್ತದೆ, ದಪ್ಪ ಆಗ್ತಾರೆ ಅಂತ ಓದಿದ್ದೆ, ಹೌದಾ?

ಹೆರಿಗೆ ಡಾಕ್ಟರ್, ಮೂಲ ಸಿದ್ದಾಪುರ

ಅಂಥ ಮಕ್ಕಳಲ್ಲಿ ಅವೆರಡೂ ಸ್ವಲ್ಪ ಹೆಚ್ಚು ಕಂಡಿವೆ, ಆದರೆ ಸಿಸೇರಿಯನ್ನೇ ಕಾರಣ ಅಂತ ಸಾಬೀತಾಗಿಲ್ಲ. ಅದಕ್ಕೆ ಹೆದರಿ ಬೇಕಾದ ಆಪರೇಷನ್ ಬಿಡಬಾರದು. ಮೂರನೆಯದಕ್ಕೆ ಯೋಚನೆ ಇದ್ದರೆ ಬಸಿರಾದ ಮೇಲೆ ಅಲ್ಲ, ಮೊದಲೇ ಡಾಕ್ಟರನ್ನು ನೋಡಿ.

ಕುಮಟಾ ಸಿಸ್ಟರ್

ಹಾಲಿನ ಬಗ್ಗೆ ಒಂದು ಮಾತು ಉಳಿದಿತ್ತು. ಆಪರೇಷನ್ ಆದವರಿಗೆ ಹಾಲು ಬರೋದು ತಡ ಅಂತ ಮೊದಲ ದಿನವೇ ಡಬ್ಬಿ ಹಾಲು ತರಿಸ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರೆ ತಾಯಿಗೆ ಎಚ್ಚರ ಇರ್ತದೆ, ಒಂದು ಗಂಟೆಯೊಳಗೇ ಮಗುವನ್ನು ಎದೆಗೆ ಹಾಕಬಹುದು. ಗಿಣ್ಣು ಹಾಲು ನಾಲ್ಕು ಹನಿ ಬಂದರೂ ಮೊದಲ ದಿನದ ಕೂಸಿನ ಹೊಟ್ಟೆಗೆ ಅಷ್ಟೇ ಬೇಕು. ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಮಗುವಿನ ಮೈಯನ್ನು ಕಂಕುಳಡಿಗೆ ಹಿಂದಕ್ಕೆ ಮಾಡಿ ಹಿಡಿದುಕೊಂಡು ಕುಡಿಸಬಹುದು, ಇಲ್ಲ ಮಗ್ಗುಲಿಗೆ ಮಲಗಿ ಕುಡಿಸಬಹುದು. "ಥಿಯೇಟರಿನಿಂದ ಬಂದ ಕೂಡಲೇ ಮಗು ಕೊಡಿ" ಅಂತ ಮೊದಲೇ ಹೇಳಿಟ್ಟಿರಿ.

ಬನವಾಸಿ ಸೊಸೆ

ಬೇರೆ ಪ್ರಶ್ನೆ ಹಾಕ್ತಿದ್ದೇನೆ, ಬೇಜಾರು ಮಾಡ್ಕೊಬೇಡಿ. ನಂಗೆ ಆಪರೇಷನ್ ಆಗಿ ಮನೆಗೆ ಬಂದಿದ್ದೇನೆ. ಹೊಲಿಗೆಯ ಒಂದು ತುದಿಯಿಂದ ಹಳದಿ ನೀರು ಬರ್ತಿದೆ, ಸುತ್ತ ಕೆಂಪಾಗಿದೆ, ಸ್ವಲ್ಪ ವಾಸನೆ. ನಿನ್ನೆಯಿಂದ ಚಳಿ ಜ್ವರ. ಮನೆಯಲ್ಲಿ ಬಿಸಿನೀರು ಎರೆದು, ಅರಿಶಿನ ಎಣ್ಣೆ ಹಚ್ಚಿ, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದ್ದಾರೆ. ಆಸ್ಪತ್ರೆಯವರು ಹೇಳಿದ ತಾರೀಕು ಮುಂದಿನ ವಾರ. ಅಲ್ಲಿಯವರೆಗೆ ಕಾಯಬಹುದಾ?

ಕುಮಟಾ ಸಿಸ್ಟರ್

ಇಲ್ಲ ಮಗಾ, ಇವತ್ತೇ ಹೋಗು. ಕೀವು, ವಾಸನೆ, ಚಳಿ ಜ್ವರ ಮೂರೂ ಸೇರಿದರೆ ಒಳಗೆ ಸೋಂಕು ಇರಬಹುದು. ಸೀರೆ ಬಿಚ್ಚು, ಎಣ್ಣೆ ಹಚ್ಚೋದು ನಿಲ್ಲಿಸು, ಒಗೆದು ಒಣಗಿಸಿದ ಸಡಿಲ ಹತ್ತಿ ಬಟ್ಟೆ ಉಡು. ಕೆಳಗಿನಿಂದ ಹೋಗುವ ಸ್ರಾವಕ್ಕೂ ಕೆಟ್ಟ ವಾಸನೆ ಇದೆಯಾ ನೋಡಿ ಡಾಕ್ಟರಿಗೆ ಹೇಳು. ಕೂಸಿಗೆ ಹಾಲು ನಿಲ್ಲಿಸಬೇಡ, ಜೊತೆಗೇ ಕರಕೊಂಡು ಹೋಗು. ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್ ಎರಡೂ ಕೈಯಲ್ಲಿರಲಿ. ಗಾಡಿ ಇಲ್ಲದಿದ್ದರೆ 108.

ಬನವಾಸಿ ಸೊಸೆ

ಹೊರಟ್ವಿ ಅಕ್ಕ. ಶಿರಸಿಗೆ.